ನಿನ್ನ ಹೊಸ ಹಳೇ ಕಾರು

ಪುಟ್ಟ,

ನೀನು ಕಳಿಸಿದ ಫೋಟೋಗಳನ್ನು ನೋಡಿದೆ. 1967ರ ವೋಲ್ವೋ 1800ಎಸ್, ಬಿಳಿ ಬಣ್ಣ, ಓವರ್‌ಡ್ರೈವ್ ಇರುವ ಗೇರ್‌ಬಾಕ್ಸು. ಭಾನುವಾರ ಹೊರಗೆ ತೆಗೆದು, ಒರೆಸಿ, ಮತ್ತೆ ಶೆಡ್ಡಿಗೆ ಸೇರಿಸುವುದಕ್ಕಲ್ಲ, ಸರಟೋಗಾ ಸ್ಪ್ರಿಂಗ್ಸ್‌ನಿಂದ ಆಲ್ಬನಿಯ ಆಫೀಸಿಗೆ ದಿನಾ ಓಡಿಸುವುದಕ್ಕೇ ಕೊಳ್ಳುತ್ತೇನೆ ಅಂತ ಬರೆದಿದ್ದೀಯ. ನಿಮ್ಮಮ್ಮ ಫೋನ್ ಮಾಡಿ, "ಅಣ್ಣಾ, ಅವನಿಗೆ ಸ್ವಲ್ಪ ಬುದ್ಧಿ ಹೇಳು" ಅಂದಳು. ಅವಳ ಲೆಕ್ಕದಲ್ಲಿ ಬುದ್ಧಿ ಹೇಳುವುದೆಂದರೆ ಬೇಡ ಅನ್ನುವುದು. ನಾನು ಬೇಡ ಅನ್ನುವುದಿಲ್ಲ. ಬೆಂಗಳೂರಿನ ಬಸ್ ಡಿಪೋದಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿತು, ಈ ದೇಶಕ್ಕೆ ಬಂದ ಮೇಲೂ ನ್ಯೂಜೆರ್ಸಿಯ ಬಸ್ ಗ್ಯಾರೇಜಿನಲ್ಲೇ ತಲೆ ನರೆಸಿಕೊಂಡವನು ನಾನು. ಗಾಡಿಗಳು ಬಹಳ ದೂರ ಓಡುವುದು ಹೇಗೆ, ನಡುವೆ ಕೈಕೊಡುವುದು ಯಾಕೆ ಅನ್ನುವುದರ ಬಗ್ಗೆ ನನಗೆ ಕೆಲವು ಗಟ್ಟಿ ಅಭಿಪ್ರಾಯಗಳಿವೆ. ಅವನ್ನು ಕೇಳಿಸಿಕೊಂಡು ಆಮೇಲೆ ದುಡ್ಡು ಕೊಡು.

ಈ ಕಾರಿನ ಹೆಸರೆತ್ತಿದರೆ ಇಲ್ಲಿ ಎಲ್ಲರ ಬಾಯಲ್ಲೂ ಬರುವುದು ಇರ್ವ್ ಗೋರ್ಡನ್ ಹೆಸರು. ನಿನ್ನ ತಲೆ ಕೆಡಿಸಿದವರೂ ಅವರೇ ಇರಬೇಕು. ಲಾಂಗ್ ಐಲೆಂಡಿನ ವಿಜ್ಞಾನದ ಮೇಷ್ಟ್ರು. 1966ರ ಜೂನ್ 30ರಂದು 4,150 ಡಾಲರ್ ಕೊಟ್ಟು ಕೆಂಪು 1800ಎಸ್ ಕೊಂಡರು. ಹೆಚ್ಚುಕಡಿಮೆ ಒಂದು ವರ್ಷದ ಸಂಬಳ ಅದು. ಕೊಂಡ ಎರಡೇ ದಿನದಲ್ಲಿ 1,500 ಮೈಲಿ ಓಡಿಸಿ, ಮೊದಲ ಸರ್ವೀಸಿಗೆಂದು ಷೋರೂಮಿನ ಮುಂದೆ ಹಾಜರಾದರು. ಮನೆಯಿಂದ ಕೆಲಸಕ್ಕೆ ಹೋಗಿಬರುವುದೇ ದಿನಕ್ಕೆ 125 ಮೈಲಿ. ಹತ್ತು ವರ್ಷದಲ್ಲಿ 5 ಲಕ್ಷ ಮೈಲಿ ಆಯಿತು. 1987ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಒಂದು ಸುತ್ತು ಹಾಕಿ 10 ಲಕ್ಷ ಮುಟ್ಟಿಸಿದರು. ಒಬ್ಬನೇ ಮಾಲೀಕ ಸ್ವಂತ ಬಳಕೆಯಲ್ಲಿ ಅತಿ ಹೆಚ್ಚು ದೂರ ಓಡಿಸಿದ ಕಾರು ಅಂತ 1998ರಲ್ಲಿ ಗಿನ್ನೆಸ್ ಪುಸ್ತಕಕ್ಕೆ ಸೇರಿತು. 2002ರಲ್ಲಿ ಟೈಮ್ಸ್ ಸ್ಕ್ವೇರಿನಲ್ಲಿ 20 ಲಕ್ಷ. 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕಾದ ಹೆದ್ದಾರಿಯಲ್ಲಿ 30 ಲಕ್ಷ. ನಮ್ಮ ಲೆಕ್ಕಕ್ಕೆ 48 ಲಕ್ಷ ಕಿಲೋಮೀಟರ್, ಭೂಮಿಗೆ ನೂರಿಪ್ಪತ್ತು ಪ್ರದಕ್ಷಿಣೆ. 2018ರ ನವೆಂಬರಿನಲ್ಲಿ ಚೀನಾ ಪ್ರವಾಸದಲ್ಲಿದ್ದಾಗ ಅವರು ತೀರಿಕೊಂಡರು. ಆ ಹೊತ್ತಿಗೆ ಕಾರು 32 ಲಕ್ಷ ಮೈಲಿ ದಾಟಿತ್ತು.

ಇನ್ನು ನಿನ್ನ ಲೆಕ್ಕಕ್ಕೆ ಬಾ. ಹೋಗಿಬರುವುದು ಸುಮಾರು 60 ಮೈಲಿ, ವರ್ಷಕ್ಕೆ 250 ದಿನ ಕೆಲಸ. ಅಂದರೆ 15,000 ಮೈಲಿ. ಈ ವೇಗದಲ್ಲಿ ನಿನ್ನ 10 ಲಕ್ಷ ಮೈಲಿಗೆ ಸುಮಾರು ಅರವತ್ತೇಳು ವರ್ಷ ಬೇಕು. ಮೀಟರಿನ ಹಿಂದೆ ಬೀಳಬೇಡ ಅನ್ನುವುದಕ್ಕೆ ಇಷ್ಟು ಸಾಕು. ಗೋರ್ಡನ್ನರೂ ಮೊದಲ ದಿನವೇ 30 ಲಕ್ಷದ ಸಂಕಲ್ಪ ಮಾಡಿ ಹೊರಟವರಲ್ಲ. ಕೆಲಸ ದೂರವಿತ್ತು, ಓಡಿಸುವುದು ಇಷ್ಟವಿತ್ತು, ಊಟಕ್ಕೆ ಅಂತ ಬೇರೆ ಊರಿಗೇ ಹೋಗಿಬರುವ ಗೀಳಿತ್ತು. ಅವರಿಂದ ನೀನು ಕಲಿಯಬೇಕಾದದ್ದು ಇನ್ನೊಂದಿದೆ, ಅದು ಕೇಳಲು ತೀರಾ ಸಪ್ಪೆ. ಕಾರಿನ ಜೊತೆ ಕೊಟ್ಟ ಮ್ಯಾನ್ಯುಯಲ್‌ನಲ್ಲಿ ಏನು ಬರೆದಿತ್ತೋ ಅದನ್ನು, ಬರೆದಿದ್ದ ಮೈಲಿಗೆ ಸರಿಯಾಗಿ, ಐವತ್ತು ವರ್ಷ ಮಾಡಿದರು. ಮೂರು ಮೂರೂವರೆ ಸಾವಿರ ಮೈಲಿಗೊಮ್ಮೆ ಎಂಜಿನ್ ಆಯಿಲ್ ಬದಲು. ಎಂಜಿನ್ನನ್ನು ಮೊದಲ ಸಲ ಬಿಚ್ಚಿ ಕಟ್ಟಿಸಿದ್ದು 6.8 ಲಕ್ಷ ಮೈಲಿಗೆ. ಗುಟ್ಟೇನಾದರೂ ಇದ್ದರೆ ಅದು ಗಡಿಯಾರ ನೋಡಿ ಮಾತ್ರೆ ನುಂಗುವವರ ಶಿಸ್ತು, ಅಷ್ಟೇ.

ಇನ್ನೊಂದು ವಿಷಯ ಜನಕ್ಕೆ ತಲೆಗೆ ಹೋಗುವುದಿಲ್ಲ. ದಿನಕ್ಕೆ 125 ಮೈಲಿ ಅಂದರೆ ಕಾರಿಗೆ ಹಿಂಸೆ ಅಂದುಕೊಳ್ಳುತ್ತಾರೆ. ಎಂಜಿನ್ನಿಗೆ ಸವೆತ ಹೆಚ್ಚು ಆಗುವುದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ. ಆಯಿಲ್ ಇನ್ನೂ ಗಟ್ಟಿ, ಮೇಲಿನ ಭಾಗಗಳಿಗೆ ಪೂರ್ತಿ ಏರಿರುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ತಣ್ಣನೆಯ ಎಂಜಿನ್ನಿನೊಳಗೆ ನೀರಾಗಿ ಆಯಿಲ್‌ಗೆ ಸೇರುತ್ತದೆ. ಗಾಡಿ ಅರ್ಧ ಗಂಟೆ ಬಿಸಿಯಾಗಿ ಓಡಿದರೆ ಅದು ಆವಿಯಾಗಿ ಹೋಗುತ್ತದೆ, ಎರಡು ಮೈಲಿಗೇ ನಿಂತರೆ ಅಲ್ಲೇ ಉಳಿದು ಆಯಿಲನ್ನು ಕೆಡಿಸುತ್ತದೆ. ಡಿಪೋದಲ್ಲಿ ಇದನ್ನು ಯಾರೂ ಪಾಠ ಮಾಡಬೇಕಿರಲಿಲ್ಲ. ಊರೊಳಗೆ ಸ್ಟಾಪಿಂದ ಸ್ಟಾಪಿಗೆ ತೆವಳುವ ಸಿಟಿ ಬಸ್ಸಿನ ಕ್ಲಚ್ ಪ್ಲೇಟು, ಬ್ರೇಕ್ ಲೈನರು ಎಷ್ಟು ಬೇಗ ಮುಗಿಯುತ್ತಿದ್ದವು, ರಾತ್ರಿಯಿಡೀ ಒಂದೇ ಹದದಲ್ಲಿ ಓಡುವ ಲಾಂಗ್ ರೂಟ್ ಗಾಡಿಯವು ಎಷ್ಟು ಬಾಳುತ್ತಿದ್ದವು ಅನ್ನುವುದು ಸ್ಟೋರಿನ ಗುಮಾಸ್ತನಿಗೂ ಗೊತ್ತಿತ್ತು. ನಿನ್ನದು ನಾರ್ತ್‌ವೇ ಹೆದ್ದಾರಿ, ಒಂದು ದಿಕ್ಕಿಗೆ ಮೂವತ್ತು ಮೈಲಿ. ಈ ಕಾರಿಗೆ ಒಳ್ಳೆಯ ವ್ಯಾಯಾಮ. ಹಾಲು ತರಲು ಮಾತ್ರ ಇದನ್ನು ತೆಗೆಯಬೇಡ, ನಡೆದುಕೊಂಡು ಹೋಗು.

ಆರಿಸಿಕೊಂಡಿರುವ ಕಾರಿನ ವಿಷಯದಲ್ಲಿ ನಿನ್ನ ಬುದ್ಧಿಯನ್ನೋ ಅದೃಷ್ಟವನ್ನೋ ಮೆಚ್ಚಬೇಕು. ಸ್ಪೋರ್ಟ್ಸ್ ಕಾರು ಅನ್ನುವುದು ಇದರ ಮೈಕಟ್ಟಿಗೆ ಸಲ್ಲುವ ಮಾತು. ಆ ಮೈಕಟ್ಟು ಬರೆದವನು ಪೆಲ್ಲೆ ಪೆಟರ್ಸನ್ ಅನ್ನುವ ಸ್ವೀಡನ್ನಿನ ಹುಡುಗ, ಇಟಲಿಯಲ್ಲಿ ಕೆಲಸ ಕಲಿಯುತ್ತಿದ್ದ. ಕಂಪನಿಯ ದೊಡ್ಡವರಿಗೆ ಇಟಲಿಯ ವಿನ್ಯಾಸವೇ ಬೇಕಿತ್ತು. ಅವನ ಅಪ್ಪ ಆ ಕಂಪನಿಗೇ ಸಲಹೆಗಾರ, ಮಗನ ಚಿತ್ರವನ್ನು ಇಟಲಿಯವರ ಚಿತ್ರಗಳ ನಡುವೆ ಇಟ್ಟ, ಅದೇ ಆಯ್ಕೆಯಾಯಿತು. ಬರೆದವನು ತಮ್ಮ ಊರಿನವನೇ ಅಂತ ತಿಳಿದಾಗ ಮೇಲಿನವರಿಗೆ ಸಿಟ್ಟು ಬಂತಂತೆ. (ಆ ಹುಡುಗ ಮುಂದೆ ಹಾಯಿದೋಣಿ ಸ್ಪರ್ಧೆಯಲ್ಲಿ ಒಲಿಂಪಿಕ್ ಪದಕಗಳನ್ನೂ ಗೆದ್ದ. ಕೆಲವರಿಗೆ ಎಲ್ಲ ಬರುತ್ತದೆ.) ಮೊದಮೊದಲು ಇಂಗ್ಲೆಂಡಿನಲ್ಲಿ ಜೋಡಿಸುತ್ತಿದ್ದರು, ಗುಣಮಟ್ಟ ಸರಿಬರದೆ 1963ರಲ್ಲಿ ಕೆಲಸವನ್ನು ಸ್ವೀಡನ್ನಿಗೇ ತಂದರು. ರೋಜರ್ ಮೂರ್ 'ದಿ ಸೇಂಟ್' ಟಿವಿ ಧಾರಾವಾಹಿಯಲ್ಲಿ ಓಡಿಸಿದ್ದು ಬಿಳಿಯದನ್ನೇ. ನಿನಗೂ ಬಿಳಿಯದೇ ಬೇಕೆನಿಸಿದ್ದು ಯಾಕೆ ಅಂತ ನಾನು ಕೇಳುವುದಿಲ್ಲ.

ಆ ಚಂದದ ಮೈಯ ಕೆಳಗಿರುವುದು ಅದೇ ಕಂಪನಿಯ ಸಾದಾ ಸಂಸಾರಸ್ಥ ಕಾರುಗಳ ಸಾಮಾನು. ಬಿ18 ಎಂಜಿನ್ನು, 1.8 ಲೀಟರ್, ನಾಲ್ಕು ಸಿಲಿಂಡರು, ಕ್ರ್ಯಾಂಕ್ ಶಾಫ್ಟಿಗೆ ಐದು ಮೇನ್ ಬೇರಿಂಗು. ಆ ಕಾಲದ ಇಷ್ಟು ಗಾತ್ರದ ಬಹಳ ಎಂಜಿನ್ನುಗಳಿಗೆ ಮೂರೇ ಇರುತ್ತಿದ್ದವು. ಇದೇ ಎಂಜಿನ್ನು ಅಮೆಜಾನ್ ಅನ್ನುವ ಅವರ ನಾಲ್ಕು ಬಾಗಿಲಿನ ಕಾರಿನಲ್ಲೂ ಇತ್ತು. ಹಾಗಾಗಿ ಬೇರಿಂಗು, ಗ್ಯಾಸ್ಕೆಟ್ಟು, ವಾಟರ್ ಪಂಪು, ಬ್ರೇಕಿನ ಸಾಮಾನು ಇವತ್ತಿಗೂ ಸಿಗುತ್ತವೆ. ಇದರ ಬದಲು ಹನ್ನೆರಡು ಸಿಲಿಂಡರಿನ ಇಟಲಿಯ ಸುಂದರಿಯೊಬ್ಬಳನ್ನು ತೋರಿಸಿದ್ದರೆ ನಿಮ್ಮಮ್ಮನ ಪಕ್ಷ ಸೇರಿಬಿಡುತ್ತಿದ್ದೆ. ಓವರ್‌ಡ್ರೈವ್ ನಾಲ್ಕನೇ ಗೇರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹೆದ್ದಾರಿಯಲ್ಲಿ ಅದನ್ನು ಹಾಕಿದರೆ ಅದೇ ವೇಗಕ್ಕೆ ಎಂಜಿನ್ನಿನ ಸುತ್ತು ಐದರಲ್ಲಿ ಒಂದು ಪಾಲಿನಷ್ಟಾದರೂ ತಗ್ಗುತ್ತದೆ. ವರ್ಷಕ್ಕೆ 15,000 ಮೈಲಿ ಓಡಿಸುವವನಿಗೆ ಅದು ಶೋಕಿಯಲ್ಲ, ಆಯುಷ್ಯ. ಅದು ಕುಡಿಯುವುದು ಗೇರ್‌ಬಾಕ್ಸಿನ ಎಣ್ಣೆಯನ್ನೇ. ಆ ಎಣ್ಣೆಯನ್ನು ಎಲ್ಲರೂ ಮರೆಯುತ್ತಾರೆ, ನೀನು ಮರೆಯಬೇಡ.

ಎಂಜಿನ್ ಆಯಿಲ್ ಅಂದರೆ ಅಂಗಡಿಯಲ್ಲಿ ಕೈಗೆ ಸಿಕ್ಕ ಡಬ್ಬಿಯಲ್ಲ. ಹೊಸ ಕಾರುಗಳ ಹೊಗೆ ಶುದ್ಧ ಮಾಡುವ ಕನ್ವರ್ಟರು ಹಾಳಾಗಬಾರದು ಅಂತ ಈಗಿನ ಬಹಳ ಆಯಿಲ್‌ಗಳಲ್ಲಿ ಸತು ಮತ್ತು ರಂಜಕದ ಅಂಶ ಇಳಿಸಿದ್ದಾರೆ. ಇಂಥ ಹಳೇ ಎಂಜಿನ್ನಿನ ಕ್ಯಾಮಿನ ಉಬ್ಬೂ ಟ್ಯಾಪೆಟ್ಟೂ ಒಂದರ ಮೇಲೊಂದು ಉಜ್ಜುವ ಜಾಗದಲ್ಲಿ ಕಾಪಾಡುವುದು ಅದೇ ಸತು. ಹಳೇ ಎಂಜಿನ್ನಿಗೆಂದೇ ಮಾಡಿದ, ಸತು ಜಾಸ್ತಿಯಿರುವ ಆಯಿಲ್ ಸಿಗುತ್ತದೆ, ಅದನ್ನೇ ಹಾಕು. ಟ್ಯಾಪೆಟ್ ಅಡ್ಜಸ್ಟ್ ಮಾಡುವುದನ್ನು ಮೆಕ್ಯಾನಿಕ್ಕಿಗೆ ಬಿಡದೆ ನೀನೇ ಕಲಿ. ಒಂದು ಫೀಲರ್ ಗೇಜು, ಒಂದು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಒಂದು ಭಾನುವಾರದ ಬೆಳಿಗ್ಗೆ. ಟಿಕಟಿಕ ಸದ್ದು ಸ್ವಲ್ಪ ಇದ್ದರೆ ಗಾಬರಿಯಿಲ್ಲ. ಸದ್ದೇ ಇಲ್ಲದಷ್ಟು ಬಿಗಿಮಾಡಿದರೆ ವಾಲ್ವು ಪೂರ್ತಿ ಮುಚ್ಚದೆ ಸುಡುತ್ತದೆ.

ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇಲ್ಲ, ಗೇರು. ಸದ್ದು ಕಡಿಮೆಯಾಗಲಿ ಅಂತ ಕ್ಯಾಮಿನ ಗೇರನ್ನು ಲೋಹದ ಬದಲು ಫೈಬರಿನಲ್ಲಿ ಮಾಡಿದ್ದಾರೆ. ವರ್ಷಗಳು ಕಳೆದಂತೆ ಅದರ ಹಲ್ಲು ಉದುರುತ್ತದೆ, ಉದುರುವ ಮುಂಚೆ ಹೇಳಿಕಳಿಸುವುದಿಲ್ಲ. ಮಾರುವವನ ಹತ್ತಿರ ಅದನ್ನು ಬದಲಾಯಿಸಿದ ರಸೀದಿ ಇದೆಯೇ ಕೇಳು. ಇಲ್ಲದಿದ್ದರೆ ಕೊಂಡ ಮೊದಲ ತಿಂಗಳೇ ಲೋಹದ್ದು ಹಾಕಿಸು. ಸ್ವಲ್ಪ ಗುಂಯ್‌ಗುಡುತ್ತದೆ, ಗುಡಲಿ.

ಜೋಡಿ ಎಸ್‌ಯು ಕಾರ್ಬ್ಯುರೇಟರಿಗೆ ಹೆದರಬೇಡ. ಮೇಲಿನ ಮುಚ್ಚಳ ಬಿಚ್ಚಿ ಒಳಗೆ ನಾಲ್ಕು ಹನಿ ಎಣ್ಣೆ ಇದೆಯೇ ಆಗಾಗ ನೋಡಿಕೊಂಡರೆ ಮುಕ್ಕಾಲು ತಕರಾರು ಬರುವುದೇ ಇಲ್ಲ. ಪಿಕಪ್ ಇಲ್ಲ ಅಂತ ಯಾರಾದರೂ ಕಾರ್ಬ್ಯುರೇಟರಿಗೆ ಕೈಹಾಕಲು ಹೊರಟರೆ ಮೊದಲು ಪಾಯಿಂಟು, ಪ್ಲಗ್ಗು, ಟ್ಯಾಪೆಟ್ಟು ನೋಡಿಸು. ಡಿಪೋದ ನಮ್ಮ ಮೇಸ್ತ್ರಿ ಹೇಳಿಕೊಟ್ಟ ಕ್ರಮ ಅದು, ಖರ್ಚಿಲ್ಲದ್ದನ್ನು ಮೊದಲು ನೋಡುವುದು. ಇಲ್ಲಿನ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ. ಹಳೇ ರಬ್ಬರಿನ ಪೈಪುಗಳನ್ನು ಅದು ಮೆತ್ತಗೆ ಮಾಡಿ ತಿನ್ನುತ್ತದೆ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಥನಾಲ್ ತಡೆಯುವ ಪೈಪು ಹಾಕಿಸು, ಎಲ್ಲ ಒಟ್ಟಿಗೆ, ಒಂದೇ ದಿನ.

ಒಟ್ಟಿಗೆ ಅಂದೆ ನೋಡು, ಅದನ್ನು ಇನ್ನೂ ಸ್ವಲ್ಪ ಹೇಳಬೇಕು. ಹಳೇ ಕಾರಿನವರಲ್ಲಿ ಬಹಳ ಜನ ಒಡೆದದ್ದನ್ನು ಮಾತ್ರ ಬದಲಾಯಿಸುತ್ತಾರೆ. ಒಂದು ರೇಡಿಯೇಟರ್ ಹೋಸು ಹರಿಯಿತು, ಅದನ್ನು ಹಾಕಿದರು. ಮುಂದಿನ ತಿಂಗಳು ಅದರ ಕೆಳಗಿನದು ಹರಿಯಿತು. ಶೋಕಿಗೆ ಓಡಿಸುವವನಿಗೆ ಅದು ನಡೆಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್ ಇರುವವನಿಗೆ ನಡೆಯುವುದಿಲ್ಲ. ಬಸ್ಸಿನ ಕೆಲಸದಲ್ಲಿ ಒಡೆಯುವುದಕ್ಕೆ ಕಾಯುವಂತಿರಲಿಲ್ಲ. ಅವಧಿ ಮುಗಿದ ಸಾಮಾನು ಚೆನ್ನಾಗಿ ಕಂಡರೂ ಬಿಚ್ಚಿ ಹೊಸದು ಹಾಕುತ್ತಿದ್ದೆವು, ಯಾಕೆಂದರೆ ದಾರಿಯಲ್ಲಿ ನಿಂತ ಬಸ್ಸಿನಲ್ಲಿ ಐವತ್ತು ಜನ ಕೂತಿರುತ್ತಾರೆ. ನಿನ್ನ ಕಾರನ್ನೂ ಹಾಗೇ ನೋಡು. ಹೋಸು, ಫ್ಯಾನ್ ಬೆಲ್ಟು, ಬ್ರೇಕಿನ ರಬ್ಬರ್ ಪೈಪು ಎಲ್ಲ ಒಂದೇ ಸಲ ಹೊಸದು. ಕೂಲಂಟ್ ಎರಡು ವರ್ಷಕ್ಕೊಮ್ಮೆ. ಬ್ರೇಕ್ ಆಯಿಲ್ ಕೂಡ ಎರಡು ವರ್ಷಕ್ಕೊಮ್ಮೆ, ಅದು ಗಾಳಿಯ ತೇವ ಹೀರಿಕೊಂಡು ಒಳಗಿನಿಂದ ಸಿಲಿಂಡರುಗಳಿಗೆ ತುಕ್ಕು ಹಿಡಿಸುತ್ತದೆ. ಟೈರಿನಲ್ಲಿ ಬಟನ್ ಎಷ್ಟಿದೆ ಅಂತ ನೋಡಿ ಸಮಾಧಾನ ಪಡಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2314 ಅಂತಿದ್ದರೆ 2014ರ ಇಪ್ಪತ್ತಮೂರನೇ ವಾರ ಮಾಡಿದ್ದು. ಅಂಥ ಟೈರು ಹೊಸದರಂತೆ ಕಂಡರೂ ಕಿತ್ತೆಸೆ. ಸ್ಟೆಪ್ನಿಯದ್ದನ್ನೂ ನೋಡು.

ಒಂದು ದಪ್ಪ ನೋಟ್‌ಬುಕ್ ತೆಗೆದುಕೋ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಮೈಲಿ, ಗ್ಯಾಲನ್ನು, ಆಯಿಲಿನ ಮಟ್ಟ ಬರೆ. ಹೊಸ ಸದ್ದು ಕೇಳಿಸಿದರೆ ಯಾವ ವೇಗದಲ್ಲಿ, ಬಿಸಿಯಿದ್ದಾಗಲೋ ತಣ್ಣಗಿದ್ದಾಗಲೋ ಬರೆ. ಫೋನಿನಲ್ಲಿ ಬರೆಯುತ್ತೇನೆ ಅನ್ನುತ್ತೀಯ, ಬರೆ, ಆದರೆ ಬರೆ. ಮೈಲೇಜ್ ಮೆಲ್ಲಗೆ ಇಳಿಯುತ್ತಿರುವುದು, ಆಯಿಲ್ ಕುಡಿಯುವುದು ಮೆಲ್ಲಗೆ ಏರುತ್ತಿರುವುದು ಓಡಿಸುವವನ ಗಮನಕ್ಕೆ ಬರುವುದೇ ಇಲ್ಲ, ಬರವಣಿಗೆಯಲ್ಲಿ ಮಾತ್ರ ಕಾಣುತ್ತದೆ. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿ, ಉಳಿದ ವರ್ಷವೆಲ್ಲ ಬಾನೆಟ್ಟೇ ಎತ್ತದವರನ್ನು ಎಷ್ಟೋ ನೋಡಿದ್ದೇನೆ. ಪೂಜೆ ಮಾಡು, ನಾನೂ ಮಾಡುತ್ತೇನೆ. ಡಿಪ್‌ಸ್ಟಿಕ್ ಮಾತ್ರ ವಾರಕ್ಕೊಮ್ಮೆ.

ಹಳೇ ಕಾರಿನ ಲೋಕದಲ್ಲಿ ಮಡಿವಂತರಿದ್ದಾರೆ. ಪಾಯಿಂಟು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ, ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂದರೆ, ಹೆಡ್‌ಲೈಟಿಗೆ ರಿಲೇ ಕೊಟ್ಟರೆ ಮೈಲಿಗೆಯಾಯಿತು ಅನ್ನುತ್ತಾರೆ. ಅವರ ಕಾರು ಟ್ರೈಲರಿನ ಮೇಲೆ ಪ್ರದರ್ಶನಕ್ಕೆ ಹೋಗುತ್ತದೆ, ನಿನ್ನದು ಜನವರಿಯ ಸಂಜೆ ಐದಕ್ಕೇ ಕತ್ತಲಾಗುವ ರಸ್ತೆಯಲ್ಲಿ ಮನೆಗೆ ಬರಬೇಕು. ತೆಗೆದ ಸಾಮಾನನ್ನು ಡಬ್ಬದಲ್ಲಿ ಹಾಕಿ ಹೆಸರು ಬರೆದಿಡು, ಅಷ್ಟು ಸಾಕು.

ಜನವರಿ ಅಂದಾಗ ನೆನಪಾಯಿತು, ಉಪ್ಪು. ನಿನ್ನ ಕಡೆ ಹಿಮ ಬಿದ್ದಾಗ ರಸ್ತೆಗೆ ಸುರಿಯುವ ಉಪ್ಪು ಈ ಕಾರಿನ ನಿಜವಾದ ಶತ್ರು. ಎಂಜಿನ್ನು ಯಾರು ಬೇಕಾದರೂ ಕಟ್ಟಿಕೊಡುತ್ತಾರೆ. ಬಾಡಿ ಹಾಗಲ್ಲ, ಮುಂದಿನ ಮಡ್‌ಗಾರ್ಡುಗಳನ್ನೂ ಬೆಸುಗೆ ಹಾಕಿ ಕೂಡಿಸಿದ್ದಾರೆ, ಬೋಲ್ಟ್ ಬಿಚ್ಚಿ ಬದಲಾಯಿಸಲು ಬರುವುದಿಲ್ಲ. ಬಾಗಿಲ ಕೆಳಗಿನ ಪಟ್ಟಿಯೊಳಗೆ ತುಕ್ಕು ಹೊಕ್ಕರೆ ಅದನ್ನು ಬಿಡಿಸುವ ಖರ್ಚಿನಲ್ಲಿ ಇನ್ನೊಂದು ಕಾರು ಬರುತ್ತದೆ. ಗೋರ್ಡನ್ನರು ಎಲ್ಲ ಕಾಲದಲ್ಲೂ ಓಡಿಸಿದರು ಅಂತ ನೀನು ವಾದ ಹೂಡುತ್ತೀಯ, ಗೊತ್ತು. ಅವರು ಷೋರೂಮಿನಿಂದ ತಂದ ಹೊಸ ಕಾರನ್ನು ಮೊದಲ ದಿನದಿಂದ ತೊಳೆದು ಕಾಪಾಡಿದವರು. ನಿನಗೆ ಸಿಗುತ್ತಿರುವುದಕ್ಕೆ ಅರ್ಧ ಶತಮಾನ ದಾಟಿದೆ, ಹಿಂದಿನವರು ಏನು ಮಾಡಿದ್ದರೋ ದೇವರೇ ಬಲ್ಲ. ಉಪ್ಪು ಹಾಕುವ ತಿಂಗಳುಗಳಿಗೆ ಒಂದು ಅಗ್ಗದ ಕಾರು ಇಟ್ಟುಕೋ. ಆಗದೇ ಹೋದರೆ ಚಳಿ ಶುರುವಾಗುವ ಮುಂಚೆ ಕುರಿಯುಣ್ಣೆಯ ಜಿಡ್ಡಿನಿಂದ ಮಾಡಿದ ತುಕ್ಕುನಿರೋಧಕವನ್ನು ಅಡಿಗೂ ಟೊಳ್ಳು ಜಾಗಗಳಿಗೂ ಹೊಡೆಸು, ಹಿಮ ಕರಗಿದಾಗಲೆಲ್ಲ ಅಡಿಭಾಗಕ್ಕೆ ನೀರು ಹಾಯಿಸಿ ತೊಳೆ. ಎರಡರಲ್ಲಿ ನನ್ನ ಮನಸ್ಸಿರುವುದು ಮೊದಲನೆಯದರ ಕಡೆಗೆ.

ವಿಮೆಯ ವಿಷಯದಲ್ಲಿ ಸುಳ್ಳು ಹೇಳಬೇಡ. ಹಳೇ ಕಾರಿನ ಅಗ್ಗದ ಪಾಲಿಸಿಗಳು ಸಾಮಾನ್ಯವಾಗಿ ದಿನಾ ಆಫೀಸಿಗೆ ಓಡಿಸುವುದನ್ನು ಒಪ್ಪುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಐತಿಹಾಸಿಕ ವಾಹನದ ನಂಬರ್ ಪ್ಲೇಟೂ ಪ್ರದರ್ಶನದ ಗಾಡಿಗೆ, ದಿನದ ಓಡಾಟಕ್ಕಲ್ಲ. ಸಾದಾ ನೋಂದಣಿ, ಸಾದಾ ವಿಮೆ ಮಾಡಿಸು. ದುಬಾರಿ ಅನಿಸುತ್ತದೆ, ಅನಿಸಲಿ.

ಈಗ ನಿಮ್ಮಮ್ಮನ ಮಾತಿನಲ್ಲಿ ಹುರುಳಿರುವ ಭಾಗಕ್ಕೆ ಬರುತ್ತೇನೆ. ಮೂರು ಕಡೆ ಬಿಗಿಯುವ ಸೀಟ್ ಬೆಲ್ಟನ್ನು 1959ರಲ್ಲಿ ಕಾರಿಗೆ ತಂದವರು ಇದೇ ಕಂಪನಿಯ ನಿಲ್ಸ್ ಬೋಲಿನ್, ನಿನ್ನ ಕಾರಿನ ಮುಂದಿನ ಸೀಟುಗಳಿಗೂ ಅದಿದೆ. ಅಷ್ಟರ ಮೇಲೆ ಹೆಮ್ಮೆ ಪಟ್ಟುಕೊಂಡು ಕೂರಬೇಡ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಪಕ್ಕದಿಂದ ಗುದ್ದಿದರೆ ತಡೆಯಲು ಬಾಗಿಲಲ್ಲಿ ಏನೂ ಇಲ್ಲ. ಹಿಂದಿನಿಂದ ಗುದ್ದಿದರೆ ಕುತ್ತಿಗೆ ಹಿಡಿಯುವ ತಲೆದಿಂಬು ಈ ದೇಶದಲ್ಲಿ ಕಡ್ಡಾಯವಾದದ್ದೇ 1969ರಿಂದ. ಬ್ರೇಕ್ ಲೈನು ಒಂದೇ ಸರ್ಕ್ಯೂಟಿನದೇ ಎರಡೇ ಅಂತ ಮಾಸ್ಟರ್ ಸಿಲಿಂಡರ್ ನೋಡಿ ತಿಳಿದುಕೋ. ಒಂದೇ ಆಗಿದ್ದರೆ ಒಂದು ಪೈಪು ಒಡೆದಾಗ ಕಾಲ ಕೆಳಗೆ ಏನೂ ಉಳಿಯುವುದಿಲ್ಲ, ಎರಡು ಸರ್ಕ್ಯೂಟಿಗೆ ಬದಲಾಯಿಸದೆ ನಾರ್ತ್‌ವೇಗೆ ಇಳಿಸಬೇಡ. ಮುಂದಿನ ಲಾರಿಗೂ ನಿನಗೂ ನಡುವೆ ಉಳಿದವರು ಬಿಡುವುದರ ಎರಡರಷ್ಟು ಜಾಗ ಬಿಡು. ಆ ಜಾಗಕ್ಕೆ ಯಾರಾದರೂ ನುಗ್ಗುತ್ತಾರೆ, ನುಗ್ಗಲಿ, ಮತ್ತೆ ಹಿಂದೆ ಸರಿ. ನಾಳೆ ಮದುವೆ ಮಕ್ಕಳು ಆದ ಮೇಲೆ ಮಗುವನ್ನು ಇದರಲ್ಲಿ ಕೂರಿಸಬೇಡ. ಈ ಒಂದು ಮಾತಿಗೆ ಮಾತ್ರ ನಾನು ವಾದ ಕೇಳುವುದಿಲ್ಲ ಕಣೋ.

ದುಡ್ಡಿನ ಬಗ್ಗೆ ಉದ್ದ ಹೇಳಲಾರೆ. ಹೊಸ ಕಾರು ಕೊಂಡಿದ್ದರೆ ತಿಂಗಳಿಗೆ ಎಷ್ಟು ಕಂತು ಕಟ್ಟುತ್ತಿದ್ದೆಯೋ ಅದರ ಅರ್ಧವನ್ನು ಬೇರೆ ಖಾತೆಗೆ ಹಾಕುತ್ತಾ ಬಾ, ಕಾರು ಏನೂ ಕೇಳದ ತಿಂಗಳಲ್ಲೂ. ಒಂದು ದಿನ ಒಟ್ಟಿಗೆ ಕೇಳುತ್ತದೆ.

ನೋಡಲು ಹೋಗುವ ದಿನ ಮೀಟರಿನ ಅಂಕಿ ನಂಬಬೇಡ. ಅದು 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, 43,000 ಅನ್ನುವುದು 1,43,000 ಇರಬಹುದು, 2,43,000 ಇರಬಹುದು. ರಸೀದಿಗಳ ಕಟ್ಟು ಕೇಳು. ಒಳಗಿನ ಕಾರ್ಪೆಟ್ ಎತ್ತಿಸಿ ನೆಲ ನೋಡು, ಜಾಕ್ ಕೊಡುವ ಜಾಗಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡು. ನಾನು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿಡು. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಡು. ಬೆಚ್ಚಗಿದ್ದರೆ ನಿನಗೆ ಕಾಣಬಾರದ ಏನೋ ಇದೆ ಅಂತ ಅರ್ಥ, ಮರ್ಯಾದೆಯಿಂದ ಮಾತಾಡಿ ಇನ್ನೊಂದು ದಿನ ಬರುತ್ತೇನೆ ಅನ್ನು. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ಹೊಗೆಯ ಬಣ್ಣ ನೋಡು. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್. ಆಮೇಲೆ ನಾಲ್ಕು ಪ್ಲಗ್ಗೂ ಬಿಚ್ಚಿ ಕಂಪ್ರೆಷನ್ ಅಳೆಯಬೇಕು, ನಾಲ್ಕೂ ಒಂದಕ್ಕೊಂದು ಹತ್ತಿರವಿರಬೇಕು. ಅದಕ್ಕೆ ಬಾಡಿಗೆ ಗೇಜು ಬೇಡ, ನನ್ನ ಹತ್ತಿರ ಇದೆ. ಯಾವ ಶನಿವಾರ ಅಂತ ತಿಳಿಸು, ನಾನೇ ತರುತ್ತೇನೆ. ನಿಮ್ಮಮ್ಮನಿಗೆ ಸದ್ಯಕ್ಕೆ ಹೇಳಬೇಡ.

ನಿನ್ನ ಸೋದರಮಾವ